ಮೀಸೆ ಇಲ್ಲದ ಯಜಮಾನ

ಆ ರವಿವಾರ ಮುಂಜಾನೆ ಹೊಳಬಸಪ್ಪನಿಗೆ ಒಂದು ಸೀನು ಬಂತು. ಸೀನು ಯಾರಿಗೆ ಬರುವುದಿಲ್ಲ ಹೇಳಿ? ಆದರೆ ಇವನಿಗೆ ಬಂದದ್ದು ಮುಠಾ ನದಿಯ ದಂಡೆಯಲ್ಲಿ, ಆಲದ ಮರದ ಬುಡದಲ್ಲಿ, ಕ್ಷೌರಿಕನ ಕತ್ತಿ ಎಡಮೀಸೆಯ ಅಂಚು ತಿದ್ದುತ್ತಿದ್ದ ಹೊತ್ತಿಗೆ ಸರಿಯಾಗಿ. ಸೀನಿ ಕಣ್ಣು ಬಿಡುವಷ್ಟರಲ್ಲಿ ಎಡಮೀಸೆ ಮೊಣಕಾಲ ಮೇಲೆ ಬಿದ್ದಿತ್ತು. ಕ್ಷೌರಿಕ ಕೈಗನ್ನಡಿ ಹಿಡಿದು, ಈಗೇನು ಮಾಡೋಣ ಎಂಬಂತೆ ಮುಖ ನೋಡಿದ. ಮಾಡುವುದೇನು, ಮಣ್ಣು! ಬಲಮೀಸೆಯೂ ಹೋಯಿತು. ಹೆಂಡತಿಗಿಂತ ಮೊದಲೇ ಮನೆಗೆ ಬಂದಿದ್ದ ಮೀಸೆ ಅದು. ಪಾಪ, ಹೊಳಬಸಪ್ಪನ ಕಣ್ಣಲ್ಲಿ ನೀರೇ ಬಂತು.

ಇದಕ್ಕಿಂತ ದೊಡ್ಡ ಸಂಕಟವೆಂದರೆ ಆ ಹೊತ್ತಿಗೆ ಅವನು ಮನೆ ಬಿಟ್ಟು ಹೊರಗೆ ಬರಲೇಬಾರದಾಗಿತ್ತು.

ಹೊಳಬಸಪ್ಪ ಗದಗದ ಕಡೆಯವನು. ಪುಣೆಯ ಕ್ಯಾಂಪಿನಲ್ಲಿ ಸರಕಾರಿ ಕಚೇರಿಯೊಂದರ ಕಾರಕೂನ. ಶನಿವಾರ ಪೇಟೆಯಲ್ಲಿ, ಒಂದೇ ಅಂಗಳಕ್ಕೆ ಹಲವು ಬಿಡಾರಗಳಿದ್ದ ಒಂದು ಹಳೆಯ ವಾಡೆಯ ಕೆಳಮನೆಯಲ್ಲಿ ಅವನ ವಾಸ. ಆ ವರ್ಷ ಪೇಟೆಯಲ್ಲಿ ಕಳ್ಳರ ಕಾಟ ವಿಪರೀತವಾಗಿ, ಹಾಡಹಗಲೇ ಮನೆ ಹೊಕ್ಕು ಟ್ರಂಕು ಹೊತ್ತುಕೊಂಡು ಹೋಗುತ್ತಿದ್ದರು. ಅವನ ಹೆಂಡತಿ ಶಿವಗಂಗವ್ವನಿಗೆ ತವರಿನವರು ಹಾಕಿದ ಬೋರಮಾಳ ಸರ, ಬೆಂಡೋಲೆಗಳದೇ ಚಿಂತೆ. ಅವಳ ಮೈಮೇಲಿನ ಬಂಗಾರವೆಂದರೆ ಅಷ್ಟೇ. ಸತ್ತ ತಾಯಿಯ ನೆನಪು ಬೇರೆ. ಕೊನೆಗೆ ಅವಳೇ ಒಂದು ನಾಯಿಯನ್ನು ತಂದುಕೊಂಡಳು. ಜತ್ತದ ಕಡೆಯಿಂದ ಬಂದು ಹೊಳೆದಂಡೆಯಲ್ಲಿ ಹಿಂಡು ನಿಲ್ಲಿಸಿದ್ದ ಮಾರ್ತಾಂಡನೆಂಬ ಕುರಿಗಾರನಿಗೆ ಗಂಡನ ಹಳೆಯ ಕರೀ ಕೋಟು ಕೊಟ್ಟಳು. ಅವನು ವಾಘ್ಯಾ ಎಂಬ ನಾಯಿಯನ್ನು ಕೊಟ್ಟ, ಜೊತೆಗೆ ಒಂದು ಹಳೆಯ ಕಂಬಳಿಯನ್ನೂ ಕೊಟ್ಟ. ಬಾಗಿಲಲ್ಲಿ ಕೂತು ನಾಯಿಯ ರೀತಿ ನೀತಿಗಳನ್ನೆಲ್ಲ ವಿವರವಾಗಿ ಹೇಳಿ ಹೋದ. ಆಗ ಹೊಳಬಸಪ್ಪ ಕಚೇರಿಯಲ್ಲಿದ್ದ. ಸಂಜೆ ಹೆಂಡತಿ ಅದನ್ನೆಲ್ಲ ಮತ್ತೆ ಹೇಳಿದಾಗ ಅವನು ಮುಖಕ್ಕೆ ಪೇಪರು ಹಿಡಿದುಕೊಂಡು "ಹ್ಞೂಂ, ಹ್ಞೂಂ" ಎನ್ನುತ್ತಿದ್ದ.

ಈ ರವಿವಾರ ಶಿವಗಂಗವ್ವ ಖಡಕಿಗೆ ಹೋಗಬೇಕಾಗಿತ್ತು. ಅಲ್ಲಿ ದೂರದ ಸೋದರತ್ತೆಯೊಬ್ಬರು ಲಿಂಗೈಕ್ಯರಾಗಿದ್ದರು. ಸಾವಿನ ಮನೆಗೆ ಮಾತಾಡಿಸಲು ಹೋಗುವವರು ಬಂಗಾರ ಹಾಕಿಕೊಂಡು ಹೋಗುತ್ತಾರೆಯೇ? ತೆಗೆದಿಟ್ಟಳು.

"ನಾ ಬರೂತನಾ ಮನಿ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಬಂಗಾರ ಬಿಟ್ಟು ಹೊಂಟೀನಿ."

"ಎಲ್ಲಿಟ್ಟೀದಿ?"

"ಎಲ್ಲೋ ಇಟ್ಟೀನಿ ಬಿಡ್ರಿ. ನಿಮಗ ಹೇಳಿದ್ರ ನೀವು ಎದುರುಮನಿ ಫಕೀರಪ್ಪಣ್ಣಗ ಹೇಳ್ತೀರಿ. ಅವಗ ಗೊತ್ತಾದ್ರ ಪೇಟಿಗೆಲ್ಲಾ ಡಂಗುರಾ ಹೊಡದಂಗ."

ಹೀಗೆ ಹೇಳಿ ಅವಳು ಹೊಸ್ತಿಲ ಮುಂದೆ ಕಂಬಳಿ ಹಾಸಿದಳು. ವಾಘ್ಯಾ ಅದರ ಮೇಲೆ ಕೂತಿತು. ಅವಳು ಟಾಂಗಾ ಹತ್ತಿದಳು.

ಹೊಳಬಸಪ್ಪ ಸ್ವಲ್ಪ ಹೊತ್ತು ತಡೆದ. ಆದರೆ ವಾರದ ಗಡ್ಡ ಕೆರೆಯತೊಡಗಿತು. ಬಾಗಿಲಲ್ಲಿ ಇಂಥ ನಾಯಿ ಇರುವಾಗ ಬೀಗವಾದರೂ ಯಾಕೆ ಎಂದುಕೊಂಡು ಬಾಗಿಲು ಮುಂದೆ ಮಾಡಿ ಹೊರಬಿದ್ದ. ಅವನು ದಾಟಿ ಹೋಗುವಾಗ ನಾಯಿ ತಲೆ ಕೂಡ ಎತ್ತಲಿಲ್ಲ.

ಮೀಸೆ ಕಳೆದುಕೊಂಡು ತಿರುಗಿ ಬಂದಾಗ ಮಾತ್ರ ತಲೆ ಎತ್ತಿತು. ಬರೀ ತಲೆಯಲ್ಲ, ಹಲ್ಲನ್ನೂ ತೋರಿಸಿತು.

"ಏ ವಾಘ್ಯಾ, ನಾನೋ! ನಿನ್ನೆ ರಾತ್ರಿ ರೊಟ್ಟಿ ಹಾಕಿದವ!"

ಗುರ್‍ರ್!

ಇನ್ನೊಂದು ಹೆಜ್ಜೆ ಇಟ್ಟ. ಗುರುಗುಟ್ಟುವಿಕೆ ಬೊಗಳುವಿಕೆಯಾಯಿತು. ಹೊಳಬಸಪ್ಪ ಗಾಬರಿಯಿಂದ ಬಾಯಿಗೆ ಕೈ ಒಯ್ದ. ಕೈಗೆ ಬರೀ ತುಟಿ ಸಿಕ್ಕಿತು. ಓಹೋ! ಮೀಸೆ ಇಲ್ಲ, ಅದಕ್ಕೇ ಇದಕ್ಕೆ ಗುರುತು ಹತ್ತುತ್ತಿಲ್ಲ ಎಂದು ಅವನಿಗೆ ಹೊಳೆಯಿತು. ಒಳಗೆ ಬಂಗಾರ ಎಲ್ಲಿದೆಯೋ ಗೊತ್ತಿಲ್ಲ. ಬಾಗಿಲಿಗೆ ಬೀಗವಿಲ್ಲ, ಹಿತ್ತಲ ಗೋಡೆಯೋ ಮೋಟು; ಕಳ್ಳನಾದರೆ ಹಾರಿಯಾನು, ಕಾರಕೂನನ ಹೊಟ್ಟೆ ಹೊತ್ತು ಇವನು ಹಾರುವುದುಂಟೇ? ಹೆಂಡತಿ ಬಂದು, ಹೊರಗೆ ನಿಂತ ಗಂಡನನ್ನು ಕಂಡರೆ ಏನು ಗತಿ?

ಗದ್ದಲ ಕೇಳಿ ಮೇಲಿನ ಮಾಳಿಗೆಯಿಂದ ರಂಗೂಬಾಯಿ ಇಣುಕಿದರು. ವಾಡೆಯ ಒಡತಿ, ಸೋಲಾಪುರದವರು. ಕನ್ನಡವೂ ಬರುತ್ತಿತ್ತು, ಎಲ್ಲರ ಮನೆಯ ಸುದ್ದಿಯೂ ಬೇಕಾಗುತ್ತಿತ್ತು.

"ಕೋಣ ಆಹೇ? ಯಾರದು?"

"ನಾನ್ರಿ ಬಾಯಾರ, ಹೊಳಬಸಪ್ಪ."

ರಂಗೂಬಾಯಿ ಕಣ್ಣು ಕಿರಿದು ಮಾಡಿ ನೋಡಿದರು. "ಧ್ವನಿ ಅವರದ ಅದ. ಮುಖ ಯಾರದು?"

ಹೊಳಬಸಪ್ಪ ಸಿಟ್ಟಿನಿಂದ ಮೂಲೆಯಲ್ಲಿದ್ದ ಬಡಿಗೆ ಎತ್ತಿಕೊಂಡ. ಮೇಲಿನಿಂದ ರಂಗೂಬಾಯಿ ಚೀರಿದರು. "ಅರೇ ದೇವಾ! ಇವತ್ತ ಖಂಡೋಬಾನ ವಾರ! ಅವನ ನಾಯಿಗೆ ಬಡಿಗಿ ಎತ್ತಿದ್ರ ನನ್ನ ವಾಡೇ ಉಳಿದೀತೇನು? ಇಡ್ರಿ ಕೆಳಗ!"

ಖಂಡೋಬಾ ಎಂದರೆ ನಾಯಿಯನ್ನು ಜೊತೆಗಿಟ್ಟುಕೊಂಡ ನಮ್ಮ ಮೈಲಾರಲಿಂಗನೇ ತಾನೆ. ಹೊಳಬಸಪ್ಪನ ಮನೆದೇವರೂ ಅವನೇ. ಬಡಿಗೆ ತಾನಾಗಿ ಕೈಯಿಂದ ಜಾರಿತು. ನಾಯಿಗೊಂದು ನಮಸ್ಕಾರವನ್ನೂ ಹಾಕಿದ. ನಾಯಿ ಅದಕ್ಕೂ ಸೋಲಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಫಕೀರಪ್ಪ ಬಂದ. ಗುಳೇದಗುಡ್ಡದ ಖಣದ ವ್ಯಾಪಾರಿ. ಅಂಗಡಿಯಲ್ಲಿ ಕುಪ್ಪಸಕ್ಕೆ ಖಣ ಅಳೆದು ಕೊಡುತ್ತಿದ್ದ, ಸಲಹೆಯನ್ನು ಮಾತ್ರ ಅಳೆಯದೆ ಕೊಡುತ್ತಿದ್ದ. ಹೊಳಬಸಪ್ಪನ ಬೋಳು ಮುಖ ನೋಡಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಂಭೀರನಾದ.

"ಭಾಳ ಸರಳ ಅದ. ನಾಯಿಗೆ ಬೇಕಾಗಿದ್ದು ಮೀಸಿ. ಮೀಸಿ ಕೊಡೋಣಂತ."

ಕಂದೀಲಿನ ಗಾಜಿನ ಮಸಿ ತಂದು ಎಣ್ಣೆಯಲ್ಲಿ ಕಲಸಿ, ಹೊಳಬಸಪ್ಪನ ಮೂಗಿನ ಕೆಳಗೆ ಬೆರಳಾಡಿಸಿದ. ವಾಘ್ಯಾ ಆ ಮೀಸೆಗೆ ಸೊಪ್ಪು ಹಾಕಲಿಲ್ಲ.

"ಎಡಗಡೆ ಸಣ್ಣದಾತು" ಎಂದರು ಮೇಲಿನಿಂದ ರಂಗೂಬಾಯಿ.

ಎಡಗಡೆ ದೊಡ್ಡದು ಮಾಡಿದ. ಆಗ ಬಲಗಡೆ ಸಣ್ಣದಾಯಿತು. ಬಲಗಡೆಯನ್ನೂ ಬೆಳೆಸಿದ. ಎರಡೂ ಬೆಳೆಯುತ್ತ ಬೆಳೆಯುತ್ತ ಕಿವಿಯ ತನಕ ಹೋದವು. ನಾಯಿ ಮಾತ್ರ ಜಾಗ ಬಿಡಲಿಲ್ಲ.

"ಹಂಗಾರ ಇದಕ್ಕ ಗಂಡಸರ ಗುರ್ತ ಇಲ್ಲ" ಎಂದ ಫಕೀರಪ್ಪ. "ತಂಗಿ ಶಿವಗಂಗವ್ವನ ಗುರ್ತ ಇದ್ದ ಅದ. ಆಕಿ ಸೀರಿ ಉಟಗೋರಿ."

"ಏನ್ ಮಾತ ಅಂತ ಆಡ್ತೀರೋ! ನಾ ಸರಕಾರಿ ಕಾರಕೂನ ಇದ್ದೀನ್ರಿ!"

"ಒಳಗ ಹೋಗೂದು ಬೇಕೋ ಬ್ಯಾಡೋ?"

ಬೇಕಾಗಿತ್ತು. ಹಗ್ಗದ ಮೇಲೆ ಒಣಗುತ್ತಿದ್ದ ಇಳಕಲ್ ಸೀರೆಯನ್ನು ಧೋತರದ ಮೇಲೇ ಸುತ್ತಿಕೊಂಡು, ಸೆರಗು ಹೊದ್ದುಕೊಂಡು, ಹೊಳಬಸಪ್ಪ ಬಾಗಿಲ ಕಡೆ ಬಳುಕುತ್ತ ನಡೆದ. ಹೆಂಡತಿಯ ದನಿ ಮಾಡಿ "ಬಾರೋ ನನ್ನಪ್ಪಾ" ಎಂದ. ವಾಘ್ಯಾ ಎದ್ದು ನಿಂತಿತು. ಅದು ಸೆರಗನ್ನು ಬಾಯಲ್ಲಿ ಹಿಡಿದು ಒಂದೇ ಸಲ ಎಳೆಯಿತು. ಪರ್‍ರನೆ ಹರಿದ ಸೆರಗನ್ನು ಉಗುಳಿ ಮತ್ತೆ ಕಂಬಳಿಯ ಮೇಲೆ ಕೂತಿತು.

ಅದೇ ಹೊತ್ತಿಗೆ ಪೇಟೆಗೆ ಹೊಸದಾಗಿ ಬಂದ ಪೋಲೀಸು ಸಿಪಾಯಿಯೊಬ್ಬ ವಾಡೆಯೊಳಗೆ ಕಾಲಿಟ್ಟ. ಸೀರೆ ಉಟ್ಟ, ಮಸಿಯ ಮೀಸೆಯ ಒಬ್ಬ ಮನುಷ್ಯ ಮನೆ ಹೊಗಲು ನೋಡುತ್ತಿದ್ದಾನೆ, ನಾಯಿ ತಡೆಯುತ್ತಿದೆ. ಇನ್ನೇನು ಬೇಕು? ಹೊಳಬಸಪ್ಪನ ತೋಳು ಹಿಡಿದ. ಇದು ನನ್ನದೇ ಮನೆ ಎಂದು ಹೊಳಬಸಪ್ಪ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಗೋಗರೆದ.

"ಬಾಯಾರ, ನೀವರ ಹೇಳ್ರಿ!"

ರಂಗೂಬಾಯಿ ಬಹಳ ಯೋಚನೆ ಮಾಡಿದರು. ಸುಳ್ಳು ಸಾಕ್ಷಿ ಹೇಳುವ ಹೆಂಗಸಲ್ಲ ಅವರು. "ಧ್ವನಿಗೆ ಬೇಕಾದ್ರ ಸಾಕ್ಷಿ ಹೇಳ್ತೀನಿ. ಮುಖಕ್ಕ ಹೇಳೂದಿಲ್ಲ."

ಸಿಪಾಯಿ ತನ್ನ ನ್ಯಾಯ ಹೇಳಿದ: ಮನುಷ್ಯರ ಸಾಕ್ಷಿ ಬೇಡ. ನಾಯಿ ಒಳಗೆ ಬಿಟ್ಟರೆ ಈತ ಯಜಮಾನ, ಇಲ್ಲದಿದ್ದರೆ ಚೌಕಿಗೆ ನಡೆಯಬೇಕು. ಎಲ್ಲರಿಗೂ ಇದು ಸರಿ ಎನಿಸಿತು. ಹೊಳಬಸಪ್ಪನಿಗೇ ಒಂದು ಗಳಿಗೆ ಸರಿ ಎನಿಸಿತು. ತಾನು ನಿಜವಾಗಿಯೂ ಈ ಮನೆಯವನೇ ಎಂದು ಅವನಿಗೇ ಅನುಮಾನ ಹತ್ತಿ, ನಾಯಿಯ ಮುಖವನ್ನು ದೀನವಾಗಿ ನೋಡಿದ.

"ತಡೀರಿ, ನಾಯಿ ಕೊಟ್ಟವನನ್ನ ಕರಕೊಂಡ ಬರ್ತೀನಿ" ಎಂದು ಫಕೀರಪ್ಪ ಹೊಳೆಯ ಕಡೆ ಓಡಿದ. ಆ ದಿನ ಅವನು ಮಾಡಿದ ಒಳ್ಳೆಯ ಕೆಲಸ ಇದೊಂದೇ.

ಮಾರ್ತಾಂಡ ಬಂದ. ಮೈಮೇಲೆ ಹೊಳಬಸಪ್ಪನದೇ ಕರೀ ಕೋಟು. ಅವನು ಹೊಳಬಸಪ್ಪನನ್ನು ನೋಡುತ್ತಿದ್ದದ್ದು ಇದೇ ಮೊದಲು. "ಇವರ ನೋಡಪಾ ಮನೀ ಯಜಮಾನ್ರು" ಎಂದು ಫಕೀರಪ್ಪ ತೋರಿಸಿದ. ಮಾರ್ತಾಂಡ ಸೀರೆಯನ್ನೂ ಕಿವಿಯ ತನಕ ಬೆಳೆದ ಮೀಸೆಯನ್ನೂ ಒಂದಷ್ಟು ಹೊತ್ತು ನೋಡಿದ. ಊರ ಮಂದಿಯ ಪದ್ಧತಿ ಹೀಗೂ ಇರಬಹುದೆಂದು ಕೈ ಮುಗಿದ. ಆಮೇಲೆ ನೆಟ್ಟಗೆ ಹೋಗಿ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡ.

ಅಷ್ಟೇ. ವಾಘ್ಯಾ ಎದ್ದು, ಮೈ ಮುರಿದು, ಬಾಲ ಅಲ್ಲಾಡಿಸುತ್ತ ಬಂದು ಹೊಳಬಸಪ್ಪನ ಕೈ ನೆಕ್ಕಿತು. ಸಿಪಾಯಿ, ಸಾಕ್ಷಿ ಮುಗಿಯಿತೆಂದು ಸಲಾಮು ಹೊಡೆದು ಹೋದ.

"ಇದರದೊಂದು ಪದ್ಧತಿ ಅದರಿ ಯಜಮಾನ್ರ" ಎಂದು ಮಾರ್ತಾಂಡ ಶುರು ಮಾಡಿದ. "ಈ ಕಂಬಳಿ ಐತಲ್ಲ..."

"ಸುಡು ನಿನ್ನ ಪದ್ಧತಿ!" ಹೊಳಬಸಪ್ಪನ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. "ಮರ್ಯಾದಿ ಮೂರು ಕಾಸಿಗೆ ಹೋತು. ತಗೊಂಡ ನಡಿ ನಿನ್ನ ನಾಯಿ! ಆ ಹೊಲಸು ಕಂಬಳಿನೂ ಒಯ್ಯಿ!"

"ಅವ್ವಾರಿಗೆ ಒಂದ್ ಮಾತ ಕೇಳಿ..."

"ಈ ಮನಿಗೆ ಯಜಮಾನ ಆಕಿಯೋ, ನಾನೋ?"

ಮಾರ್ತಾಂಡ ನಾಯಿಯನ್ನು ಕರೆದುಕೊಂಡು, ಕಂಬಳಿ ಹೊತ್ತುಕೊಂಡು ಹೋದ.

ಹೊಳಬಸಪ್ಪ ಒಳಗೆ ಹೋಗಿ ನೋಡಿದ. ಟ್ರಂಕಿನ ಬೀಗ ಹಾಗೆಯೇ ಇತ್ತು. ಗಡಿಗೆ, ಡಬ್ಬಿ ಯಾವುದೂ ಅಲುಗಿರಲಿಲ್ಲ. ಅಬ್ಬಾ, ಬಂಗಾರ ಉಳಿಯಿತು! ಹಗುರಾದ ಮನಸ್ಸಿನಿಂದ ಮುಖಕ್ಕೆ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದ. ಹರಿದ ಸೀರೆಯನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿ, ಜಾಣನಂತೆ ಕೂತ.

ಹೊತ್ತು ಇಳಿಯುವಾಗ ಶಿವಗಂಗವ್ವ ಬಂದಳು. ಹೊಸ್ತಿಲಲ್ಲೇ ನಿಂತು ಗಂಡನ ಮುಖ ನೋಡಿದಳು.

"ಮೀಸಿ?"

"ಹೋತು."

"ನಾಯಿ?"

"ಅದೂ ಹೋತು. ಮನಿ ಯಜಮಾನಗ ಬೊಗಳೂ ನಾಯಿ ಯಾಕ ಬೇಕು? ಮಾರ್ತಾಂಡನ ಕೈಗೇ ಕೊಟ್ಟ ಕಳಿಸಿದೆ."

"ಕಂಬಳಿ?" ಅವಳ ದನಿ ಸಣ್ಣದಾಗಿತ್ತು.

"ಅದನ್ನೂ ಒಯ್ಯಿ ಅಂದೆ."

ಶಿವಗಂಗವ್ವ ಹೊಸ್ತಿಲ ಮೇಲೆ ಕುಸಿದಳು. "ಅಯ್ಯ ನನ್ನ ಶಿವನ! ಬೋರಮಾಳ, ಬೆಂಡ್ವಾಲಿ ಎಲ್ಲಾ ಆ ಕಂಬಳಿ ಅಂಚಿನ್ಯಾಗ ಹೊಲದಿಟ್ಟಿದ್ದೆನಲ್ರೀ!"

ಹೊಳಬಸಪ್ಪ ಹೊಸ್ತಿಲ ಮುಂದೆ ಕಂಬಳಿ ಇದ್ದ ಜಾಗವನ್ನು ನೋಡಿದ.

"ಕುರಿಗಾರರ ನಾಯಿ ಮನಿ ಕಾಯೂದಿಲ್ರೀ, ಕಂಬಳಿ ಕಾಯ್ತದ! ಹಾಸಿದವರು ಎತ್ತಬೇಕು, ಇಲ್ಲಾ ಮಾರ್ತಾಂಡ ಎತ್ತಬೇಕು. ಒಳಗಿಂದ ಹೊರಗ ಹೋಗವರಿಗೆ ಏನೂ ಅನ್ನೂದಿಲ್ಲ, ಹೊರಗಿಂದ ಬ್ಯಾರೇದವರು ಯಾರ ಬಂದ್ರೂ ಬಿಡೂದಿಲ್ಲ. ಅವತ್ತ ಸಂಜೀಕ ಇದನ್ನೆಲ್ಲಾ ನಿಮಗ ಹೇಳಲಿಲ್ಲೇನು? ಹ್ಞೂಂ ಹ್ಞೂಂ ಅಂದ್ರಿ!" ಎನ್ನುತ್ತ ಅವಳು ಅತ್ತೇಬಿಟ್ಟಳು. "ನಮ್ಮವ್ವನ ಸರಾ ರೀ ಅದು!"

ಇಬ್ಬರೂ ಬಾಗಿಲಿಗೆ ಬೀಗ ಹಾಕಿ, ಸಂದಿಗೊಂದಿ ಹಿಡಿದು ಹೊಳೆದಂಡೆಗೆ ಓಡಿದರು. ಕುರಿಗಳ ಮಗ್ಗುಲಲ್ಲಿ ಮಾರ್ತಾಂಡನ ತಾಯಿ ಭೀಮವ್ವ ರೊಟ್ಟಿ ಬಡಿಯುತ್ತಿದ್ದಳು. ಸ್ವಲ್ಪ ದೂರದಲ್ಲಿ ಕಂಬಳಿ ಹಾಸಿತ್ತು. ಅದರ ಮೇಲೆ ವಾಘ್ಯಾ ಕೂತಿತ್ತು. ಸದ್ಯ! ಶಿವಗಂಗವ್ವ "ವಾಘ್ಯಾ, ಬಾರೋ" ಎಂದು ಕೈ ಚಾಚಿದಳು.

ಗುರ್‍ರ್!

"ನಿಮ್ಮಿಂದ ಆಗೂದಿಲ್ರೆವ್ವಾ, ನನ್ನಿಂದೂ ಆಗೂದಿಲ್ಲ" ಎಂದಳು ಭೀಮವ್ವ. "ಹಾಸಿದಾಂವ ಮಾರ್ತಾಂಡ."

"ಅಂವ ಎಲ್ಲಿ?"

"ನಿಮ್ಮ ಮನಿಗೇ ಹೋಗ್ಯಾನ. ನಾಯಿ ತಿರುಗಿ ಬಂದ ಮ್ಯಾಲ ಕೋಟು ಇಟಗೊಂಡ್ರ ಖಂಡೋಬಾ ಮೆಚ್ಚೂದಿಲ್ಲಂದ. ಯಜಮಾನ್ರ ಕೈಯಾಗ ಕೊಟ್ಟ ಬರ್ತೀನಿ, ಅಲ್ಲೀತನಾ ಅವರ ಬಾಗಲಾ ಬಿಟ್ಟ ಏಳೂದಿಲ್ಲಂದ. ಬಾಜಾರದ ಹಾದಿ ಹಿಡದಾನ."

ಬಂಗಾರ ಬಿಟ್ಟು ಶಿವಗಂಗವ್ವ ಅಲ್ಲಿಂದ ಕದಲುವಂತಿರಲಿಲ್ಲ. ನಾಯಿಯ ಎದುರು ನೆಲದ ಮೇಲೆ ಕೂತಳು. ಹೊಳಬಸಪ್ಪ ಒಬ್ಬನೇ ತಿರುಗಿ ಓಡಿದ. ಕುರಿಗಾರರ ಕಾಲು ಒಂದೂರಲ್ಲಿ ನಿಲ್ಲುವುದಿಲ್ಲ, ನಾಳೆ ಹಿಂಡು ಯಾವ ದಿಕ್ಕಿಗೋ ಎಂಬ ಭಯ ಹಿಂದಿನಿಂದ ಅವನನ್ನು ದೂಡುತ್ತಿತ್ತು.

ವಾಡೆಗೆ ಬಂದು ನೋಡಿದರೆ ಮಾರ್ತಾಂಡ ಹೊಸ್ತಿಲ ಮೇಲೆ ಕಾಲು ಮಡಚಿಕೊಂಡು ಕೂತಿದ್ದ. ತೊಡೆಯ ಮೇಲೆ ಮಡಚಿದ ಕೋಟು. ಹೊಳಬಸಪ್ಪನಿಗೆ ಹೋದ ಜೀವ ಬಂದಂತಾಯಿತು.

"ಮಾರ್ತಾಂಡಾ, ಏಳಪ್ಪಾ, ನಡಿ! ಕೋಟು ಇತ್ತ ಕೊಡು, ಲಗೂನ ಹೋಗೂಣು!"

ಮಾರ್ತಾಂಡ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಕೋಟನ್ನು ಎದೆಗೆ ಅವುಚಿಕೊಂಡು ಇನ್ನಷ್ಟು ಭದ್ರವಾಗಿ ಕೂತ.

"ನೀವ್ಯಾರ್ರಿ? ಇದು ಯಜಮಾನ್ರ ಕೋಟು. ಅವರ ಕೈಗಷ್ಟ ಕೊಡೂದು."

"ನಾನೋ ಮಾರಾಯಾ, ಯಜಮಾನ!"

"ಹಂಗಂದ್ರ ಹೆಂಗ್ರಿ? ನಾ ಮಧ್ಯಾಹ್ನ ಕಣ್ಣಾರೆ ನೋಡೀನಿ. ಯಜಮಾನ್ರಿಗೆ ಇಷ್ಟುದ್ದ ಮೀಸಿ ಅದಾವ. ಸೀರಿ ಉಡ್ತಾರ."

ಹೊಳಬಸಪ್ಪ ಎರಡೂ ಕೈ ಎತ್ತಿ ಮಾಳಿಗೆಯ ಕಡೆ ತಿರುಗಿದ. "ಬಾಯಾರ! ರಂಗೂಬಾಯಾರ! ನಾ ಯಾರಂತ ಇವಗ ಒಂದಿಷ್ಟು ಹೇಳ್ರಿ!"

ರಂಗೂಬಾಯಿ ಇಣುಕಿದರು. ಕಣ್ಣು ಕಿರಿದು ಮಾಡಿ ನೋಡಿದರು. ಬಹಳ ಹೊತ್ತು ನೋಡಿದರು.

"ಧ್ವನಿಗೆ ಬೇಕಾದ್ರ ಹೇಳ್ತೀನಿ" ಎಂದರು.