ಎಣ್ಣೆ ಕುಡಿದ ಕಂಬದ ಮನೆ

ಕಟ್ಟಡದ ಕೆಲಸದಲ್ಲಿರುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ಗುಂಡಿ ತೋಡಿಸಿ ಪಕ್ಕದಲ್ಲಿ ನಿಂತರೆ ಸಾಕು, ಅದೇ ಬರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಮಧುಗಿರಿಯಲ್ಲಿ ಹೊಸ ಓವರ್‌ಸಿಯರ್. ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ದಾದಿಗೆ ಮನೆ ಕಟ್ಟಬೇಕಿತ್ತು. ಅಲ್ಲಿನ ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು ಕಲ್ಲಿನ ತಳಪಾಯವನ್ನೇ ಸೀಳುತ್ತಿತ್ತು. ನಮ್ಮ ಇಂಜಿನಿಯರು, “ಮರದ ಕಂಬಗಳ ಮೇಲೆ ನಿಲ್ಲಿಸೋಣ. ಬಿದ್ದರೆ ಹೊಣೆ ನಿನ್ನದು” ಅಂದರು. ಎರಡನೇ ಮಾತು ನನಗೆ ಕೇಳಿಸಲೇ ಇಲ್ಲ, ಅಷ್ಟು ಹುರುಪು.

೧. ಶಿರಾದ ಬಡಗಿ

ಕಂಬಗಳು ಲಾರಿಯಲ್ಲಿ ಶಿರಾಕ್ಕೆ ಬಂದವು. ಕಪ್ಪಗೆ, ಜಿಡ್ಡುಜಿಡ್ಡಾಗಿ, ಮೂಗಿಗೆ ಬಡಿಯುವ ಡಾಂಬರಿನ ವಾಸನೆ. ಅಳತೆಗೆ ಕೊಯ್ಯಲು ಒಪ್ಪಿದ್ದ ಬಡಗಿ ಸಾಬರಿಗೆ ನಾನು ಒಂದೇ ಉಸಿರಿಗೆ ವಿವರಿಸಿದೆ: ಮರವನ್ನು ಕಬ್ಬಿಣದ ಪೀಪಾಯಿಗೆ ತುಂಬಿ, ಬಾಗಿಲು ಬಿಗಿದು, ಒತ್ತಡ ಹಾಕಿ ಒಳಗಿನವರೆಗೂ ಎಣ್ಣೆ ಕುಡಿಸುತ್ತಾರೆ, ಆಮೇಲೆ ಹೂತಿಟ್ಟರೂ ಕೊಳೆಯುವುದಿಲ್ಲ.

ಅವರು ಕಂಬ ತಟ್ಟಿ ನೋಡಿ, “ಹೊಟ್ಟೆ ತುಂಬ ಕುಡ್ಸವ್ರಾ ಸಾಹೇಬ್ರೇ?” ಅಂದರು.

“ಹೊಟ್ಟೆ ತುಂಬ.”

“ನಂಗೂ ಅರವತ್ತಾತು. ಕುಡ್ದೋರು ನೆಟ್ಟಗೆ ನಿಂತಿದ್ದು ಎಲ್ಲೂ ನೋಡಿಲ್ಲ.”

೨. ಮೂರನೇ ಗುಂಡಿ

ಮಧುಗಿರಿಯ ಕಲ್ಲುಕುಟಿಗರ ಯಜಮಾನನಿಗೆ ಸಿಟ್ಟು ಬಂತು. “ಅಷ್ಟ್ ದೊಡ್ಡ ಕಲ್ಲಿನ್ ಬೆಟ್ಟ ಕಣ್ಮುಂದೆ ಬುಟ್ಟು ಕಟ್ಟಿಗೆ ಮ್ಯಾಲೆ ಮನೆ ಕಟ್ತೀರಾ? ಗೆದ್ಲು ತಿನ್ನಾಕಿಲ್ವಾ?”

ಅವನೆದುರೇ ಹುತ್ತದ ಪಕ್ಕ ಎರಡು ಗುಂಡಿ ತೋಡಿಸಿ, ಒಂದರಲ್ಲಿ ಎಣ್ಣೆ ಕುಡಿದ ತುಂಡು, ಇನ್ನೊಂದರಲ್ಲಿ ಬರೀ ಮರದ ತುಂಡು ಹೂತೆ. ಮಳೆಗಾಲ ಕಳೆದ ಮೇಲೆ ಹತ್ತಾರು ಜನರನ್ನು ಸೇರಿಸಿ ತೆಗೆಸಿದೆ. ಬರೀ ಮರ ಪುಡಿಪುಡಿ. ನನ್ನ ತುಂಡಿಗೆ ಒಂದು ಗೀರೂ ಇಲ್ಲ. ಗೆದ್ದೆ ಅಂತ ನಾನು ಎದೆಯುಬ್ಬಿಸಿ ನಿಂತೆ. ಯಜಮಾನ ಮೆಲ್ಲಗೆ ಪಕ್ಕದ ನೆಲ ಕೆದಕಿ, ತಾನೇ ಹೂತಿದ್ದ ಒಂದು ಕಲ್ಲನ್ನು ಎತ್ತಿ ಒರೆಸಿದ.

“ಇದ್ನೂ ಮುಟ್ಟಿಲ್ಲ ನೋಡಿ.”

೩. ವಾಸನೆ

ಕಂಬಗಳ ಮೇಲೆ ಹಗುರವಾದ ಹಲಗೆಯ ಮನೆ ಎದ್ದಿತು. ಕೊರಟಗೆರೆಯಿಂದ ಬಂದ ದಾದಿ ಮೊದಲ ವಾರವೆಲ್ಲ ಸೆರಗು ಮೂಗಿಗೆ ಹಿಡಿದೇ ಇದ್ದಳು. “ಅನ್ನಕ್ಕೂ ಡಾಂಬರಿನ ವಾಸನೆ ಸಾರ್.” ನನಗೆ ನಾಚಿಕೆಯಾಯಿತು. ಮಳೆಗಾಲ ಬಂತು, ಅಕ್ಕಪಕ್ಕದ ಗೋಡೆಗಳು ಬಿರಿದವು, ಇವಳ ಮನೆ ಅಲ್ಲಾಡಲಿಲ್ಲ. ಸಂಭ್ರಮದಿಂದ ಓಡಿಹೋಗಿ, ವಾಸನೆ ತೆಗೆಯಲು ಸುಣ್ಣ ಬಳಿಸುತ್ತೇನೆ ಅಂದೆ.

“ಬ್ಯಾಡ ಬಿಡಿ ಸಾರ್. ಹರಟೆ ಹೊಡಿಯೋಕೆ ಬಂದೋರು ಎಲ್ಡೇ ನಿಮಿಷಕ್ಕೆ ಎದ್ದೋಗ್ತಾರೆ.”

೪. ವರ್ಗಾವಣೆ

ಮರುವರ್ಷ ದಾದಿಯನ್ನು ಎರಡು ಮೈಲಿ ಆಚೆಯ ಊರಿಗೆ ವರ್ಗ ಮಾಡಿದರು. ಈ ಮನೆ ಬಿಟ್ಟು ಬರಲ್ಲ ಅಂತ ಅವಳು ಹಠ ಹಿಡಿದಳು. ಆ ಊರಲ್ಲಿ ಮೂವರು ಬಸುರಿಯರು ದಿನ ತುಂಬಿ ಕೂತಿದ್ದರು.

ಸುದ್ದಿ ತಿಳಿದು ಸೈಕಲ್ ತುಳಿದುಕೊಂಡು ಹೋದರೆ, ಮನೆಯ ಸುತ್ತ ನಲವತ್ತು ಜನ, ಹಗ್ಗ, ಬಿದಿರಿನ ಬೊಂಬು, ನಾಲ್ಕು ಜೋಡಿ ಎತ್ತು. ಆ ಊರಿನ ಹಿರಿಯ ನನಗೆ ಕೈ ಮುಗಿದ. “ದಾದಮ್ಮ ಮನೆ ಬಿಟ್ಟು ಬರಾಕಿಲ್ವಂತೆ. ಅದಕ್ಕೇ ಮನೇನೇ ತಗಂಡೋಗಾಕೆ ಬಂದೀವಿ.”

“ಕಂಬ ಮೂರು ಮೊಳ ನೆಲದೊಳಗಿದೆಯಪ್ಪ.”

“ಹೂತೋರು ನೀವೇ ಅಲ್ವಾ ಸಾರ್? ಸಡ್ಲ ಮಾಡ್ಕೊಡಿ.” ಅಷ್ಟು ಹೇಳಿ ತನ್ನವರ ಕಡೆ ತಿರುಗಿ, ಮೆಲ್ಲಗೆ ಎತ್ತಿ ಅಂತ ತೆಲುಗಿನಲ್ಲಿ ಕೂಗಿದ. “ಮೆಲ್ಲಗಾ ಎತ್ತಂಡ್ರಾ.”

ನಲವತ್ತು ಹೆಗಲು ಬೊಂಬಿಗೆ ಬಿದ್ದವು. ದಾದಿಯಾದರೂ ಹೊರಗೆ ಬಂದು ತಡೆಯಲಿ ಅಂತ ಬಾಗಿಲ ಕಡೆ ನೋಡಿದೆ. ಅವಳು ಕಿಟಕಿಯಿಂದ ತಲೆ ಹಾಕಿ ಹೇಳಿದಳು:

“ಒಂದು ನಿಮಿಷ ತಡೀರಪ್ಪ, ಒಲೆ ಮೇಲೆ ಹಾಲೈತೆ. ಇಳಿಸ್ಕಂತೀನಿ, ಆಮೇಲೆ ಎತ್ತಿ.”