ಮುಲುಂಡಿಗೆ ಮಗಳು, ಠಾಣೆಗೆ ನಾನು

ಅವತ್ತು ಗುರುವಾರವೋ ಶುಕ್ರವಾರವೋ, ಸರಿಯಾಗಿ ನೆನಪಿಲ್ಲ. ಡೈರಿ ತೆಗೆದು ನೋಡಿದರೆ ಆ ವಾರಕ್ಕೆ ಒಂದೇ ಸಾಲಿದೆ: ‘ಮಗುವನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದೆ. ತೂಕ ಸರಿಯಾಗಿದೆ.’ ನನಗೆ ಮರೆವಿದೆ, ಒಪ್ಪಿಕೊಂಡೆ. ನನ್ನ ಡೈರಿ ಸುಳ್ಳನ್ನೇ ಹೇಳುತ್ತದೆ. ಆದ್ದರಿಂದ ಇಲ್ಲಿ ಕೆಲವು ವಿವರ ತಪ್ಪಿರಬಹುದು. ಮುಖ್ಯ ತಪ್ಪು ಮಾತ್ರ ನನ್ನದೇ.

ಮಗಳಿಗೆ ಆಗ ಆರು ತಿಂಗಳು. ಡೊಂಬಿವಲಿಯಿಂದ ಮುಲುಂಡಿನ ಮಕ್ಕಳ ಡಾಕ್ಟರ ಬಳಿಗೆ ಕರೆದೊಯ್ಯಬೇಕಿತ್ತು. ಗಂಡನ ಊರು ಉಡುಪಿಯಿಂದ ಬಂದಿದ್ದ ಅತ್ತೆ, “ನಾನೂ ಬರ್ತೇನೆ ಮಾರಾಯ್ತಿ, ಮಗು ಹಿಡಿಲಿಕ್ಕೆ ಒಂದು ಜನ ಬೇಡ್ವಾ?” ಎಂದರು. ಆರು ವರ್ಷ ಮುಂಬೈಯ ಇದೇ ರೈಲ್ವೆ ಲೈನಿನಲ್ಲಿ, ಮುಲುಂಡಿಗಿಂತ ಮೊದಲು ಸಿಗುವ ಠಾಣೆ ಊರಿನ ಆಫೀಸಿಗೆ ಹೋಗಿಬಂದ ನನಗೆ ಸಹಾಯವೇ? ನಾನಿದ್ದದ್ದು ಹೆರಿಗೆ ರಜೆಯಲ್ಲಿ, ಲೋಕಲ್ ಹತ್ತುವುದನ್ನೇನೂ ಮರೆತಿರಲಿಲ್ಲ. ಬೇಡವೆಂದು ಒಬ್ಬಳೇ ಹೊರಟೆ.

ಲೇಡೀಸ್ ಡಬ್ಬದಲ್ಲಿ ದಿನಾ ಜೊತೆಗೆ ಹೋಗುತ್ತಿದ್ದ ನನ್ನ ಹಳೆಯ ಗುಂಪೇ ಸಿಕ್ಕಿತು. ಅಲ್ಲಿ ಕೂತವರು ನಿಂತವರ ಚೀಲ ಹಿಡಿದುಕೊಳ್ಳುವುದು ಪದ್ಧತಿ. ಕಿಟಕಿ ಪಕ್ಕ ಕೂತಿದ್ದ ಧಾರವಾಡದ ಶಾಂತಕ್ಕ ಚೀಲದ ಬದಲು ಮಗುವನ್ನೇ ಕೇಳಿದರು. ಕೊಟ್ಟೆ. ಚೀಲ ಹೆಗಲಲ್ಲೇ ಉಳಿಯಿತು. ಅವರವರ ಆಫೀಸಿನಲ್ಲಿ ಹೊಸ ಮ್ಯಾನೇಜರ್ ಹೇಗೆ, ಪ್ರಮೋಷನ್ ಯಾರಿಗೆ ಎಂದು ಮಾತು ಶುರುವಾಯಿತು. ಹಾಲು, ನಿದ್ದೆ, ಒದ್ದೆ ಬಟ್ಟೆ ಬಿಟ್ಟು ಬೇರೇನನ್ನಾದರೂ ನಾನು ಮಾತಾಡಿ ಆರು ತಿಂಗಳಾಗಿತ್ತು. ತುಂಬ ಸುಖವಾಗಿತ್ತು.

ಕಳವಾ ಸ್ಟೇಷನ್ ದಾಟಿತು. ಕಾಲುಗಳು ತಾವಾಗಿಯೇ ಬಾಗಿಲ ಕಡೆ ಸರಿದವು. ಠಾಣೆ ಬಂತು. ಇಳಿದೆ!

ಸ್ಟೇಷನ್ನಿನ ಸೇತುವೆ ಹತ್ತುತ್ತ ಗಡಿಯಾರ ನೋಡಿದೆ, ಆಫೀಸಿಗೆ ಲೇಟಾಗಿರಲಿಲ್ಲ. ಕೈ ಹಗುರವೆನಿಸಿತು. ಒಳ್ಳೆಯದೇ ಅಂದುಕೊಂಡೆ. ಕೊನೆಯ ಮೆಟ್ಟಿಲಲ್ಲಿ ಚೀಲದಿಂದ ಏನೋ ಸೋರಿ ಕುರ್ತಾ ಒದ್ದೆಯಾಯಿತು. ಮೂಸಿದೆ. ಹಾಲು.

ಮೆಟ್ಟಿಲು ಇಳಿದದ್ದು ನೆನಪಿಲ್ಲ. ಶಾಂತಕ್ಕನ ಫೋನ್ ಬಂದದ್ದು ನೆನಪಿದೆ.

“ಚೀಲ ಒಯ್ದು ಕೂಸು ಬಿಟ್ಟು ಹೋಗೀಯಲ್ಲ ನಮ್ಮವ್ವಾ. ಮುಲುಂಡದಾಗ ಇಳ್ದೇನಿ. ಓಡಬ್ಯಾಡ, ಬಿದ್ದಗಿದ್ದೀ. ಹಿಂದ ಬರೋ ಗಾಡಿ ಹತ್ತಿ ಬಾ.”

ಠಾಣೆಯಿಂದ ಮುಲುಂಡ್ ಒಂದೇ ಸ್ಟೇಷನ್. ಅವತ್ತು ಅದು ಪುಣೆಗಿಂತ ದೂರವಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಶಾಂತಕ್ಕನ ಸುತ್ತ ಹೆಂಗಸರ ಗುಂಪು, ಜೊತೆಗೊಬ್ಬಳು ಮಹಿಳಾ ಪೊಲೀಸ್. ತಾಯಿ ಯಾರೆಂದು ಆಕೆ ಮರಾಠಿಯಲ್ಲಿ ಕೇಳಿದಳು. ತಲೆ ತಗ್ಗಿಸಿ ಮುಂದೆ ಬಂದೆ. ನನ್ನನ್ನು ನೋಡಿದ್ದೇ ಮಗಳು ಶಾಂತಕ್ಕನ ಕೊರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಪುರಾವೆಯಾಗಿ ನನ್ನ ಬಳಿ ಇದ್ದದ್ದು ಸೋರುವ ಬಾಟಲಿಯೊಂದೇ! ಕೊನೆಗೆ ಶಾಂತಕ್ಕನೇ ಸಾಕ್ಷಿ ನುಡಿದು, ನನ್ನನ್ನು ತಾಯಿಯೆಂದು ಮಂಜೂರು ಮಾಡಿಸಿದರು. ನನ್ನಿಂದಾಗಿ ಅವತ್ತು ಅವರ ಅರ್ಧ ದಿನದ ರಜೆ ಹೋಯಿತು.

ನಾಲ್ಕು ದಿನ ಮನೆಯಲ್ಲಿ ಬಾಯಿಬಿಡಲಿಲ್ಲ. ಐದನೆಯ ದಿನ, ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ, ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎಣ್ಣೆಯ ಕೈ ಮಾತ್ರ ಮಗುವಿನ ಬೆನ್ನ ಮೇಲೆ ತಡೆದು ನಿಂತಿತು. ತಪ್ಪಿಗೆ ನನಗೊಬ್ಬ ಪಾಲುದಾರಳು ಬೇಕಿತ್ತು. ಧೈರ್ಯ ಮಾಡಿ ಒಂದು ಮಾತು ಕೇಳಿದೆ. ಅವರು ಬಿಸಿನೀರು ನೋಡಿ ಬರುತ್ತೇನೆಂದು ಎದ್ದು ಹೋದರು. ಮಗಳೀಗ ಶಾಲೆಗೆ ಹೋಗುತ್ತಾಳೆ. ಉತ್ತರ ಇನ್ನೂ ಬಂದಿಲ್ಲ. ಕೇಳಿದ್ದು ಇಷ್ಟೇ:

“ಅತ್ತೆ, ಇವರು ಚಿಕ್ಕವರಿದ್ದಾಗ, ನೀವೂ ಇವರನ್ನ ಎಲ್ಲಾದರೂ ಬಿಟ್ಟು ಬಂದಿದ್ರಾ?”