ನೀರು ನುಗ್ಗದ ಊರು

ನಮ್ಮ ಕಡೆಯವರು ಮನೆ, ಅಂಗಡಿ ಬದಲಿಸುವಾಗ ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ. ಮಳೆ ನೀರು ಯಾವ ದಿಕ್ಕಿನಿಂದ ಬರುತ್ತದೆ ಎಂದು ನೋಡುವುದಿಲ್ಲ. ಇಂಥ ಪ್ರಸಂಗಗಳು ನಡೆಯುತ್ತಲೇ ಇರುವುದಕ್ಕೆ ಇದೇ ಕಾರಣ.

ತರೀಕೆರೆಯಲ್ಲಿ ನಮ್ಮ ಜವಳಿ ಅಂಗಡಿ ಇದ್ದದ್ದು ಕೆರೆ ಏರಿಯ ಕೆಳಗೆ. ಹಿಂದಿನ ಮಳೆಗಾಲದಲ್ಲಿ ನೀರು ನುಗ್ಗಿ, ಮದುವೆ ವ್ಯಾಪಾರಕ್ಕೆಂದು ತರಿಸಿದ್ದ ಸೀರೆಗಳೆಲ್ಲ ಒಂದರ ಬಣ್ಣ ಒಂದಕ್ಕೆ ಹತ್ತಿ ಹಾಳಾದವು. ಇನ್ನೊಮ್ಮೆ ಹಾಗಾದರೆ ಅಂಗಡಿ ಮುಚ್ಚುವುದೇ ಎಂದರು ನಮ್ಮ ಯಜಮಾನರು. ಕಾನ್ವೆಂಟಿನಲ್ಲಿ ಭೂಗೋಳ ಓದಿದ್ದವಳು ಮನೆಯಲ್ಲಿ ನಾನೊಬ್ಬಳೇ. ಹೊಸ ಜಾಗ ಪರೀಕ್ಷಿಸುವ ಕೆಲಸ ನಾನೇ ವಹಿಸಿಕೊಂಡೆ.

ಅಜ್ಜಂಪುರ

“ಇಲ್ಲಿ ನೀರು ನುಗ್ಗುತ್ತದೆಯೇ?” ಎಂದು ಮಳಿಗೆಯ ಮಾಲೀಕನನ್ನು ಕೇಳಿದೆ.

“ನುಗ್ಗೋದಾ? ಕುಡಿಯೋಕೇ ಸಿಕ್ಕಲ್ಲ ಕಣಮ್ಮ.”

ಅಕ್ಕಪಕ್ಕವೆಲ್ಲ ಹುಲ್ಲಿನ ಸೂರು. “ಹಾಗಾದರೆ ಬೆಂಕಿ ಬಿದ್ದಾಗ ಏನು ಮಾಡುತ್ತೀರಿ?”

ಆತ ಕೊಂಚ ಯೋಚಿಸಿ ಹೇಳಿದ: “ಎಲ್ರೂ ಈಚೆಗೆ ಬತ್ತೀವಿ.”

ಕಡೂರು

ಹೆಂಚಿನ ಮಳಿಗೆ, ಗಟ್ಟಿ ಗೋಡೆ. ಆದರೆ ಗೋಡೆಯ ಸುತ್ತ ಎದೆಮಟ್ಟಕ್ಕೆ ಕೆಸರಿನ ಗೆರೆ.

“ಇದೇನು?” ಎಂದು ಅಲ್ಲಿಯ ಮಾಲೀಕನನ್ನು ಕೇಳಿದೆ.

“ಹೊಳೆ ಬಂದಿತ್ತಮ್ಮ. ಇನ್ ಬರಲ್ಲ.”

“ಅದು ಹೇಗೆ ಗೊತ್ತು?”

“ಒಂದ್ಸಲ ಒಳಗೆಲ್ಲ ನೋಡ್ಕೊಂಡು ಹೋಯ್ತಲ್ಲ. ಮತ್ತೆ ನೋಡೋಕೆ ಇಲ್ಲೇನೈತೆ?”

ಹೊರಟ ದಿನ

ಕೊನೆಗೆ ಬೀರೂರಿನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರ, ದಿಣ್ಣೆಯ ಮೇಲೊಂದು ಮಳಿಗೆ ಆರಿಸಿದೆ. ಮೋಡ ಕಟ್ಟುತ್ತಿತ್ತು. ಸರಕೆಲ್ಲ ಕಮಾನು ಗಾಡಿಗೆ ಏರಿತು. ಆಗ ನಮ್ಮ ಅತ್ತೆಯವರು, “ಅಮ್ಮನ್ನ ಕೇಳ್ದೆ ನಾನು ಹೊಸಲು ದಾಟಲ್ಲ ಕಣೇ” ಎಂದು ಕೂತುಬಿಟ್ಟರು.

ಅಂಗಡಿಯ ಮಗ್ಗುಲಲ್ಲೇ, ಅದೇ ಏರಿಯ ಕೆಳಗೆ, ಗ್ರಾಮದೇವತೆ ಅಮ್ಮನ ಗುಡಿ; ಎಲ್ಲರೂ ಅಲ್ಲಿಗೆ ಹೋದೆವು. ದೇವಿಯ ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡವೆಂದು ಅರ್ಥ. ಭೂಗೋಳಕ್ಕೆ ಅಲ್ಲಿ ಕೆಲಸವಿರಲಿಲ್ಲ. ಪ್ರತಿ ಶುಕ್ರವಾರದ ಪೂಜೆ ನಮ್ಮದೇ ಆದ್ದರಿಂದ ಪೂಜಾರಿಗೆ ನಾವು ಊರು ಬಿಟ್ಟು ಹೋಗುವುದು ಇಷ್ಟವಿರಲಿಲ್ಲ. ಎಡಗಡೆಯ ಹೂ ಬಿತ್ತು.

“ತಾಯಿ ಬೇಡ ಅಂದ್ಲು” ಎಂದ ಪೂಜಾರಿ. ಅತ್ತೆಯವರು ಸರಕು ಇಳಿಸಲು ಹೇಳಿದರು. ಯಜಮಾನರು ನನ್ನ ಮುಖ ನೋಡಿದರು.

ಒಂದು ಗಂಟೂ ಇಳಿಯುವ ಮೊದಲೇ ಮಳೆ ಹುಯ್ಯಿತು. ಹುಯ್ಯುತ್ತಲೇ ಇತ್ತು. ಏರಿಯ ಪಕ್ಕದ ಕಾಲುವೆ ತುಂಬಿ, ನೀರು ಗುಡಿಯ ಮೆಟ್ಟಿಲು ಹತ್ತಿ, ಗರ್ಭಗುಡಿಯೊಳಗೆ ಪಾದ ಮುಳುಗುವಷ್ಟು ನಿಂತಿತು. ಪೂಜಾರಿ ಉತ್ಸವಮೂರ್ತಿಯನ್ನು ಎದೆಗವಚಿಕೊಂಡು ಹೊರಗೆ ಓಡಿಬಂದ, ನಮ್ಮ ಗಾಡಿ ಹತ್ತಿ ಸೀರೆ ಗಂಟುಗಳ ಮೇಲೆ ಕೂತ.

“ನಡೀರಿ ಬೀರೂರ್ಗೆ” ಎಂದ.

ಅತ್ತೆಯವರು ಸೊಂಟದ ಮೇಲೆ ಕೈಯಿಟ್ಟರು. “ಏನಯ್ಯಾ, ತಾಯಿ ಬೇಡ ಅಂದ್ಲಲ್ಲ?”

“ಬೇಡ ಅಂದಿದ್ದು ನಿಮ್ಗೆ ಕಣಮ್ಮ. ತನ್ ವಿಷ್ಯ ತಾಯಿ ಏನೂ ಹೇಳ್ಲಿಲ್ಲ.”